ಶೈಶವದ ಅಧ್ಯಯನಗಳಲ್ಲಿ ‘ಮನೆ’ ಎಂಬ ಅಳತೆಗೋಲು

ಮಗುವಿನ ಮೊದಲ ವಿದ್ಯೆ ತಾಯಿಯ ಮಡಿಲಿನಲ್ಲಿ ಎಂಬ ನಂಬಿಕೆ ನಮ್ಮಲ್ಲಿ ಬಹು ಹಳೆಯದು. ಆಧುನಿಕ ಮನಶ್ಶಾಸ್ತ್ರವು ಇದನ್ನು ಅಲ್ಲಗಳೆದಿಲ್ಲ. ಅಂಕಿಗಳ ಬೆಂಬಲವನ್ನೇ ಒದಗಿಸಿದೆ. ಬಡ ಕುಟುಂಬಗಳ ಶಿಶುಗಳ ಬೆಳವಣಿಗೆಯನ್ನು ಪ್ರಭಾವಿಸುವ ಕಾರಣಗಳಾವುವು ಎಂಬ ವಿಚಾರವಾಗಿ ಕಳೆದ ಅರ್ಧ ಶತಮಾನದಲ್ಲಿ ಹೇರಳವಾದ ಪ್ರಬಂಧಗಳು ಹೊರಬಂದಿವೆ. ಅವುಗಳ ಉಪಕಾರವನ್ನು ಸ್ಮರಿಸಿಕೊಂಡೇ, ಅವುಗಳಲ್ಲಿ ಬಹುಮಟ್ಟಿಗೆ ಪರೀಕ್ಷೆಗೊಳಗಾಗದೆ ಉಳಿದಿರುವ ಒಂದು ಕಲ್ಪನೆಯನ್ನು ಇಲ್ಲಿ ವಿಮರ್ಶಿಸಲು ಉದ್ದೇಶಿಸಿದೆ. ಆ ಕಲ್ಪನೆ ‘ಮನೆ’.

ಮೊದಲು ಈ ಅಧ್ಯಯನಗಳ ಸಾರವನ್ನು ಗಮನಿಸೋಣ. 2007ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಲೇಖನಮಾಲೆಯೊಂದು, ಬಡ ದೇಶಗಳಲ್ಲಿ 5 ವರ್ಷದೊಳಗಿನ 20 ಕೋಟಿಗೂ ಹೆಚ್ಚು ಮಕ್ಕಳು ತಮ್ಮಲ್ಲಿರುವ ಶಕ್ತಿ ಅರಳುವಷ್ಟು ಬೆಳೆಯುತ್ತಿಲ್ಲವೆಂದು ಅಂದಾಜು ಮಾಡಿತು. ಕುಂಠಿತ ಬೆಳವಣಿಗೆ, ಅಯೋಡಿನ್ ಕೊರತೆ, ಕಬ್ಬಿಣಾಂಶದ ಕೊರತೆಯ ರಕ್ತಹೀನತೆ, ಮಾತು ಆಟಗಳ ಪ್ರಚೋದನೆಯಿಲ್ಲದಿರುವುದು, ಈ ನಾಲ್ಕನ್ನು ಅದು ಮುಖ್ಯ ಕಾರಣಗಳ ಸಾಲಿನಲ್ಲಿಟ್ಟಿತು. ನಮ್ಮ ನಾಡು ಇದಕ್ಕೆ ಹೊರತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. 6 ತಿಂಗಳಿಂದ 59 ತಿಂಗಳವರೆಗಿನವರಲ್ಲಿ ಶೇಕಡ 65.5ರಷ್ಟು ರಕ್ತಹೀನರು.

ಪ್ರಚೋದನೆಯ ಮಹತ್ವವನ್ನು ಸ್ಥಾಪಿಸಿದ ಕೀರ್ತಿ ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ 1986ರಲ್ಲಿ ಆರಂಭವಾದ ಪ್ರಯೋಗಕ್ಕೆ ಸಲ್ಲತಕ್ಕದ್ದು. ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಅವರ ಸಂಗಡಿಗರು ಬೆಳವಣಿಗೆ ಕುಂಠಿತವಾದ 129 ಶಿಶುಗಳನ್ನು ಆರಿಸಿಕೊಂಡು, ಕೆಲವರಿಗೆ ಪೂರಕ ಆಹಾರವನ್ನೂ, ಕೆಲವರಿಗೆ ಆಟ ಮಾತುಗಳ ಶಿಕ್ಷಣವನ್ನೂ, ಕೆಲವರಿಗೆ ಎರಡನ್ನೂ ಎರಡು ವರ್ಷಗಳ ಕಾಲ ಒದಗಿಸಿದರು. ಆರೋಗ್ಯ ಸಹಾಯಕಿಯರು ವಾರಕ್ಕೊಮ್ಮೆ ಮನೆಗೆ ಹೋಗಿ, ಕೈಯಲ್ಲೇ ಮಾಡಿದ ಆಟಿಕೆಗಳೊಡನೆ ಮಗುವನ್ನು ಆಡಿಸುವ ಬಗೆಯನ್ನು ತಾಯಿಗೆ ತೋರಿಸುತ್ತಿದ್ದರು. ಇಪ್ಪತ್ತು ವರ್ಷಗಳ ತರುವಾಯ ಈ ಶಿಕ್ಷಣ ಪಡೆದವರ ಗಳಿಕೆ, ಪಡೆಯದವರಿಗಿಂತ ಶೇಕಡ 25ರಷ್ಟು ಹೆಚ್ಚಾಗಿತ್ತೆಂದು 2014ರಲ್ಲಿ ಪ್ರಕಟವಾಯಿತು. ಫಲ ಅಸಾಧಾರಣವಾದದ್ದು. ಆದರೆ ಈ ಪ್ರಯೋಗಕ್ಕೆ ಆಧಾರವಾದ ಒಂದು ಸಂಗತಿಯನ್ನು ಮರೆಯಬಾರದು: ಸಹಾಯಕಿ ಬಾಗಿಲು ತಟ್ಟಿದಾಗ ಒಳಗೆ ಮಗುವನ್ನು ನೋಡಿಕೊಳ್ಳುವವರು ಇರಬೇಕು.

ಇದೇ ಆಧಾರದ ಮೇಲೆ ನಿಂತದ್ದು ಅಮೆರಿಕದ ಬೆಟ್ಟಿ ಕಾಲ್ಡ್‌ವೆಲ್ ಮತ್ತು ರಾಬರ್ಟ್ ಬ್ರಾಡ್ಲಿ ಅವರು ರೂಪಿಸಿದ ‘ಹೋಮ್’ ಎಂಬ ಪಟ್ಟಿ. ಮೂರು ವರ್ಷದವರೆಗಿನ ಮಕ್ಕಳಿಗೆ ಇದರಲ್ಲಿ 45 ಅಂಶಗಳುಂಟು. ತಾಯಿ ಮಗುವಿನ ಮಾತಿಗೆ ಓಗೊಡುವಳೇ, ಆಟಿಕೆಗಳುಂಟೇ, ಪುಸ್ತಕಗಳುಂಟೇ ಎಂಬಿವನ್ನೆಲ್ಲ ಪರೀಕ್ಷಕನು ಕಂಡು ಕೇಳಿ ಗುರುತು ಹಾಕಬೇಕು. ಜಗತ್ತಿನ ಅನೇಕ ದೇಶಗಳಲ್ಲಿ ಬಳಕೆಗೆ ಬಂದಿರುವ ಈ ಪಟ್ಟಿ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ನಮ್ಮ ನೆಲಕ್ಕೆ ತಂದಾಗ ಏನಾಗುವುದೆಂಬುದು ಇಲ್ಲಿನ ಪ್ರಶ್ನೆ.

ಬೆಂಗಳೂರಿನ ಪೂರ್ವದಂಚಿನ ಕಾಡುಗೋಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವೈಟ್‌ಫೀಲ್ಡ್ ಹೆಸರಿನ ರೈಲು ನಿಲ್ದಾಣವಿರುವುದು ಈ ಊರಿನಲ್ಲಿ. 2023ರ ಮಾರ್ಚಿಯಲ್ಲಿ ಮೆಟ್ರೊ ರೈಲೂ ಇಲ್ಲಿಗೆ ಮುಟ್ಟಿತು. ಸುತ್ತಲೂ ಏಳುತ್ತಿರುವ ಬಹುಮಹಡಿ ಸೌಧಗಳನ್ನು ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಗಳಿಂದ ಗುಳೆ ಬಂದವರೂ, ಪರರಾಜ್ಯಗಳವರೂ ತಗಡು ತಾಡಪಾಲುಗಳ ಗುಡಿಸಲುಗಳಲ್ಲಿ ಇಳಿದುಕೊಳ್ಳುತ್ತಾರೆ. ಹಗಲಲ್ಲಿ ಈ ಗುಡಿಸಲಿಗೆ ಹೋದ ಪರೀಕ್ಷಕನಿಗೆ ಕಾಣುವುದೇನು? ತಾಯಿ ಕೆಲಸದ ಜಾಗದಲ್ಲಿ ಇಟ್ಟಿಗೆ ಹೊರುತ್ತಿರುತ್ತಾಳೆ. ಮಗು ಮರಳು ರಾಶಿಯ ಬದಿಯಲ್ಲೋ, ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲೋ ಇರುತ್ತದೆ. ಪಟ್ಟಿಯ ಪ್ರಕಾರ ಈ ‘ಮನೆ’ಗೆ ಬರುವ ಅಂಕ ತೀರ ಕಡಿಮೆ. ಅಲ್ಲಿಂದ ‘ತಾಯಿಗೆ ತಿಳಿವಳಿಕೆ ಸಾಲದು’ ಎಂಬ ತೀರ್ಮಾನಕ್ಕೆ ಒಂದೇ ಹೆಜ್ಜೆ. ಅಭಾವವಿರುವುದು ತಿಳಿವಳಿಕೆಗೋ ಬಿಡುವಿಗೋ ಎಂಬುದನ್ನು ಪಟ್ಟಿ ಬೇರ್ಪಡಿಸಿ ಹೇಳಲಾರದು. ಅಕ್ಕನಾದರೋ ಲೆಕ್ಕಕ್ಕೇ ಬರುವುದಿಲ್ಲ. ಕೂಸನ್ನು ಹೊತ್ತ ಆಕೆ ಶಾಲೆಯಿಂದ ದೂರವಾದಾಗ ಇಬ್ಬರು ಮಕ್ಕಳ ಬೆಳವಣಿಗೆಗೆ ಒಟ್ಟಿಗೆ ಧಕ್ಕೆಯಾಗುತ್ತದೆ.

ತಾಯಿಯ ವಿದ್ಯೆಗೂ ಮಗುವಿನ ಬೆಳವಣಿಗೆಗೂ ಸಂಬಂಧವಿದೆಯೆಂದು ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿಲ್ಲವೇ ಎಂದು ಕೇಳಬಹುದು. ತೋರಿಸಿವೆ, ಅದು ಸುಳ್ಳಲ್ಲ. ಆದರೆ ಓದಿದ ತಾಯಿಗೆ ದೊರೆಯುವ ಕೆಲಸ, ಕೂಲಿ, ವಿರಾಮಗಳು ಬೇರೆ. ವಿದ್ಯೆ ಇವುಗಳ ಮೂಲಕವೂ ಫಲ ಕೊಡುತ್ತದೆಂಬುದನ್ನು ಮರೆತರೆ ಕಾರಣವನ್ನು ಗುರುತಿಸುವಲ್ಲಿ ಎಡವಿದಂತಾಗುತ್ತದೆ.

ಈ ಸತ್ಯವನ್ನು ವಿದ್ವಾಂಸರಿಗಿಂತ ಮೊದಲು ಕಂಡವರುಂಟು. 1969ರಲ್ಲಿ ದೆಹಲಿಯ ರಾಜಘಾಟದ ಬಳಿ ಗಾಂಧಿ ಶತಾಬ್ದಿಯ ಕಟ್ಟಡಗಳ ಕೆಲಸ ನಡೆಯುತ್ತಿದ್ದಾಗ, ಧೂಳಿನಲ್ಲಿ ಬಿದ್ದಿದ್ದ ಕೂಲಿಕಾರರ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಅವರು ಕೆಲಸದ ಜಾಗದಲ್ಲಿಯೇ ಶಿಶುವಿಹಾರವನ್ನು ತೆರೆದರು. ‘ಮೊಬೈಲ್ ಕ್ರೆಶ್’ ಸಂಸ್ಥೆ ಹುಟ್ಟಿದ್ದು ಹೀಗೆ. ಶಾಸನವೂ ಈ ದಾರಿಗೆ ಬಂದಿತು, ಆದರೆ ಅರೆಮನಸ್ಸಿನಿಂದ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯು 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ 6 ವರ್ಷದೊಳಗಿನ ಮಕ್ಕಳಿಗೆ ಕೊಠಡಿಯಿರಬೇಕೆಂದು ವಿಧಿಸಿತು. ಎಣಿಸಿದ್ದು ಹೆಂಗಸರನ್ನು, ಮಕ್ಕಳನ್ನಲ್ಲ. 49 ಹೆಂಗಸರ ಮಕ್ಕಳಿಗೆ ನೆರಳು ಬೇಡವೇ?

1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅದರ ಅಂಗನವಾಡಿಗಳು 3ರಿಂದ 6 ವರ್ಷದವರಿಗೆ ಶಾಲಾಪೂರ್ವ ಶಿಕ್ಷಣವನ್ನೂ ಊಟವನ್ನೂ ಕೊಡುತ್ತ ಬಂದಿವೆ. 3 ವರ್ಷಕ್ಕಿಂತ ಚಿಕ್ಕವರಿಗೆ ಸಲ್ಲುವುದು ಮುಖ್ಯವಾಗಿ ಮನೆಗೊಯ್ಯುವ ಆಹಾರ. ಇಲ್ಲಿಯೂ ಮತ್ತೆ ‘ಮನೆ’! ಮಿದುಳು ಅತಿ ವೇಗವಾಗಿ ಬೆಳೆಯುವ ವರ್ಷಗಳಲ್ಲಿ ಹಗಲಿಡೀ ಮಗು ಯಾರ ಕೈಯಲ್ಲಿರಬೇಕೆಂಬುದಕ್ಕೆ ಆಹಾರದ ಪೊಟ್ಟಣ ಉತ್ತರವಲ್ಲ. 2023ರಲ್ಲಿ ಕರ್ನಾಟಕ ಸರ್ಕಾರವು ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿಯ ಕೂಲಿಕಾರರ ಮಕ್ಕಳಿಗಾಗಿ ‘ಕೂಸಿನ ಮನೆ’ಯನ್ನು ಸಾರಿದಾಗ ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯತೊಡಗಿತು. ಆದರೆ ಅದು ಪಂಚಾಯಿತಿಗೆ ಸೇರಿದ್ದು. ಗುಳೆ ಹೊರಟ ತಾಯಿಯ ಬೆನ್ನಿಗೆ ಕೂಸು ಬರುತ್ತದೆ, ಕೂಸಿನ ಮನೆ ಬರುವುದಿಲ್ಲ. ನಗರದ ಎಲ್ಲೆಯೊಳಗಣ ಕಾಡುಗೋಡಿಯಲ್ಲಿ ಆಕೆಗೆ ಅದು ದೊರೆಯದು.

ಆದುದರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡಲಿರುವ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಪೌಷ್ಟಿಕತೆ, ನೈರ್ಮಲ್ಯ, ಮಾತು, ಆಟ ಇವೆಲ್ಲವನ್ನೂ ಅಳೆಯಿರಿ. ಆದರೆ ಗುಡಿಸಲಿನೊಳಗೆ ಏನೇನಿದೆಯೆಂದು ಬರೆದುಕೊಳ್ಳುವ ಮೊದಲು, ಬೆಳಗಿನಿಂದ ಸಂಜೆಯವರೆಗೆ ಮಗು ಯಾರ ಕೈಯಲ್ಲಿರುತ್ತದೆಂದು ಕೇಳಿರಿ. ಮೊದಲನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ತಾಯಿಯೊಬ್ಬಳೇ. ಎರಡನೆಯದಕ್ಕೆ ಕಂತ್ರಾಟುದಾರನೂ, ನಗರವೂ, ಸರ್ಕಾರವೂ ಉತ್ತರ ಹೇಳಬೇಕಾಗುತ್ತದೆ. ಯಾರನ್ನು ಪ್ರಶ್ನಿಸಬೇಕೆಂಬುದನ್ನು ಅಳತೆಗೋಲೇ ನಿರ್ಧರಿಸಿಬಿಡುವುದರಿಂದ, ಅದರ ಆಯ್ಕೆಯಲ್ಲಿ ನಾವು ಎಚ್ಚರ ತಪ್ಪಬಾರದು.