ಗುಡ್ಡದ ಸಂಜೆ, ಬುತ್ತಿಯ ಲೆಕ್ಕ

ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಡುವ ಮನೆಗಳಲ್ಲಿ ಅಡುಗೆಯ ಲೆಕ್ಕ ಎರಡು ದಿನ ಮೊದಲೇ ಶುರುವಾಗುತ್ತದೆ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಿಂದ ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊರಟವರು ಸವದತ್ತಿ ದಾಟಿ ಜೋಗುಳಬಾವಿ ಮುಟ್ಟುವಾಗ ಹಲವು ಸಲ ಹೊತ್ತು ಇಳಿದಿರುತ್ತದೆ. ಅಲ್ಲಿ ಸ್ನಾನವಾಗಬೇಕು, ಸತ್ಯಮ್ಮ ದೇವಿಗೆ ಕೈಮುಗಿಯಬೇಕು, ಆಮೇಲೆ ಗುಡ್ಡ ಏರಬೇಕು. ಹಸಿದವರಿಗೆ ಆಗ ಪ್ರಶ್ನೆ ಏಳುತ್ತದೆ: ಏರುವ ಮೊದಲೇ ಉಣ್ಣುವುದೋ, ಮೇಲೆ ಹೋಗಿ ಉಣ್ಣುವುದೋ? ಗುಡ್ಡದ ಭಕ್ತರಿಗೆ ಇನ್ನೊಂದು ಕಟ್ಟಳೆಯೂ ಇದೆ. ದೇವಿಗೆ ನೈವೇದ್ಯವಾಗಿ, ಪಡ್ಡಲಗಿ ಎಂಬ ದೇವಿಯ ಬುಟ್ಟಿ ತುಂಬಿಸಿದ ಮೇಲೆಯೇ ಹಬ್ಬದೂಟ.

ಈ ತೊಡಕನ್ನು ನಮ್ಮ ಹಿರಿಯರು ಬಿಡಿಸಿದ ರೀತಿ ನನಗೆ ಬಹಳ ಮೆಚ್ಚುಗೆಯದು. ಯಾವುದು ಎಷ್ಟು ದಿನ ಬಾಳುತ್ತದೆ ಎಂಬುದರ ಮೇಲೆ ಅಡುಗೆಯನ್ನೇ ಎರಡು ಪಾಲು ಮಾಡಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ ಇವೆಲ್ಲ ಬುತ್ತಿಯ ಪಾಲು. ರೊಟ್ಟಿಯ ನೀರಿನಂಶ ಹಂಚಿನ ಮೇಲೆಯೇ ಆರಿಹೋಗಿರುತ್ತದೆ, ಹಾಗಾಗಿ ಅದಕ್ಕೆ ಬೂಸ್ಟು ಬೇಗ ಹಿಡಿಯದು. ಬೇಳೆಯ ಹೂರಣದ್ದು ಬೇರೆ ಮಾತು. ಅದರಲ್ಲಿ ಪಸೆ ಇರುತ್ತದೆ, ಬೇಗ ಹಳಸುತ್ತದೆ. ಆದ್ದರಿಂದ ಹೂರಣದ ಹೋಳಿಗೆ, ಕಡಬು, ಅನ್ನ, ಬದನಿಕಾಯಿ ಪಲ್ಯ ಗುಡ್ಡದ ಮೇಲಿನ ಒಲೆಯ ಪಾಲು. ದಾರಿಯಲ್ಲಿ ಹಸಿದ ಮಗು ಬುತ್ತಿ ಬಿಚ್ಚುತ್ತದೆ, ದೇವಿಯ ಎಡೆಗೆ ಮಾತ್ರ ಬಿಸಿ ಅಡುಗೆ. ಹಬ್ಬದ ಹೊತ್ತೂ ಇದಕ್ಕೆ ಒದಗಿಬರುತ್ತದೆ. ಮಾಘದ ರಾತ್ರಿ ತಂಪಾಗಿರುತ್ತದೆ, ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೇ ಮೂಡುತ್ತಾನೆ. ಬಯಲಲ್ಲಿ ಒಲೆ ಹೂಡುವವರಿಗೆ ಬೆಳಕು ತಾನಾಗಿ ಸಿಗುತ್ತದೆ.

ಆದರೆ ಈ ಪದ್ಧತಿಯ ಭಾರ ಯಾರ ಮೇಲೆ ಬೀಳುತ್ತದೆ ಎಂದು ನೋಡಿದರೆ ನನಗೆ ಸಂಕಟವಾಗುತ್ತದೆ. ಗಂಡಸರು ಎತ್ತು ಬಿಟ್ಟು, ಕೈಕಾಲು ತೊಳೆದು, ಭಂಡಾರ ಹಚ್ಚಿಕೊಂಡು ಉಧೋ ಉಧೋ ಎನ್ನುತ್ತ ಸಾಲಿಗೆ ನಿಲ್ಲುತ್ತಾರೆ. ಹೆಂಗಸರು ಮೂರು ಕಲ್ಲಿನ ಮುಂದೆ ಹೊಗೆಯಲ್ಲಿ ಕೂತು ಬೇಳೆ ಕುದಿಸುತ್ತಾರೆ. ಹರಕೆ ಹೊತ್ತವಳೇ ಎಷ್ಟೋ ಸಲ ಕೊನೆಗೆ ದರ್ಶನ ಪಡೆಯುತ್ತಾಳೆ, ಕೊನೆಗೇ ಉಣ್ಣುತ್ತಾಳೆ. ದೇವಿಯ ಜಾತ್ರೆಯಲ್ಲಿ ಹೆಣ್ಣುಮಕ್ಕಳಿಗೆ ಇದು ಸಲ್ಲಬಾರದ ಸರದಿ. ಉಂಡೆದ್ದ ಮೇಲೆ ಬಿಟ್ಟುಹೋಗುವ ಪ್ಲಾಸ್ಟಿಕ್ ತಟ್ಟೆ, ಲೋಟಗಳೂ ಗುಡ್ಡಕ್ಕೆ ಶೋಭೆಯಲ್ಲ. ಬುತ್ತಿ ಕಟ್ಟುವ ಅರಿವೆ ಮನೆಗೆ ಮರಳುತ್ತದೆ, ಪ್ಲಾಸ್ಟಿಕ್ ಅಲ್ಲೇ ಉಳಿಯುತ್ತದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಟಿಕೆಟ್ ದುಡ್ಡಿಲ್ಲದೆ ಸರ್ಕಾರಿ ಬಸ್ಸಿನಲ್ಲಿ ಗುಡ್ಡಕ್ಕೆ ಬರತೊಡಗಿದರು. ಬೋಗುಣಿ, ಕಟ್ಟಿಗೆ ಹೊತ್ತು ಬಸ್ಸು ಹತ್ತುವುದು ಕಷ್ಟ. ಸಂಜೆ ಬಂದವರಿಗೆ ಹಿಂದಿರುಗುವ ಕೊನೆಯ ಬಸ್ಸಿನ ಚಿಂತೆಯೂ ಇರುತ್ತದೆ. ಅವರಲ್ಲಿ ಕೆಲವರು ಮನೆಯಿಂದಲೇ ನೈವೇದ್ಯ ಮಾಡಿ ತಂದು, ದರ್ಶನ ಮುಗಿಸಿ, ಗಿಡದ ಬುಡದಲ್ಲಿ ಬುತ್ತಿ ಬಿಚ್ಚಿ ಉಂಡು ಹೊರಡುತ್ತಾರೆ. ಅಲ್ಲೇ ಬೇಯಿಸದ ಅಡುಗೆಗೆ ಮಡಿ ಎಲ್ಲಿಯದು ಎಂದು ಗೊಣಗುವವರಿದ್ದಾರೆ. ನಾನು ಆ ಹೆಣ್ಣುಮಕ್ಕಳ ಪರ. ಅವರು ಬುತ್ತಿಯ ವಿವೇಕವನ್ನು ಬಿಟ್ಟಿಲ್ಲ, ಹೊಗೆಯನ್ನಷ್ಟೇ ಬಿಟ್ಟಿದ್ದಾರೆ.

ಟ್ರ್ಯಾಕ್ಟರಿನಲ್ಲಿ ಬರುವ ಮನೆಗಳಿಗೂ ದಾರಿಯಿದೆ. ಬೇಳೆ ಕುದಿಸಿ, ಬೆಲ್ಲ ಹಾಕಿ, ಹೂರಣವನ್ನು ಹೊರಡುವ ದಿನ ಬೆಳಗ್ಗೆಯೇ ಗಟ್ಟಿಯಾಗಿ ಕಾಯಿಸಿಕೊಂಡು ತರಬಹುದು. ಗುಡ್ಡದಲ್ಲಿ ಹೋಳಿಗೆ ತಟ್ಟಿ ಬೇಯಿಸುವುದು, ಅನ್ನಕ್ಕಿಡುವುದು ಇಷ್ಟೇ ಉಳಿಯುತ್ತದೆ. ಹೆಂಗಸರು ಮೊದಲು ದರ್ಶನ ಮುಗಿಸಿ ಬರುವಷ್ಟರಲ್ಲಿ ಗಂಡಸರು ನೀರು ತಂದು, ಒಲೆ ಹೂಡಿ, ಬದನಿಕಾಯಿ ಹೆಚ್ಚಿ, ಎಸರು ಕಾಯಿಸಿಟ್ಟಿರಲಿ.