ಅಶಕ್ತಿಗೊಂದು ಸಲಾಯಿನ್

“ಅಶಕ್ತಿ ಆಗೇದ್ರಿ ಸಾಹೇಬ್ರ, ಒಂದು ಸಲಾಯಿನ್ ಹಚ್ರಿ.” ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ದವಾಖಾನೆಗಳಲ್ಲಿ ಇದು ಹೊಸ ಮಾತಲ್ಲ. ಕಬ್ಬು ಕಡಿದು ಸೊರಗಿದವರು, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು, ಜ್ವರ ಬಿಟ್ಟು ಎದ್ದ ಹಿರಿಯರು ಇದನ್ನೇ ಕೇಳುತ್ತಾರೆ. ಬಾಟ್ಲಿ ಏರಿದರೆ ತಾಕತ್ತು ಬರುತ್ತದೆ, ರೋಗ ತಡೆಯುವ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ. ಈ ರೂಢಿಯನ್ನು ನಾನು ಒಪ್ಪಲಾರೆ.

ಅರ್ಧ ಲೀಟರ್ ಸಲಾಯಿನ್‌ನಲ್ಲಿ ಇರುವುದು ನೀರು ಮತ್ತು 4.5 ಗ್ರಾಂ ಉಪ್ಪು, ಅಷ್ಟೇ. ಗ್ಲೂಕೋಸ್ ಬಾಟ್ಲಿಯ 25 ಗ್ರಾಂ ಸಕ್ಕರೆಯಲ್ಲಿ ಒಂದು ಜೋಳದ ರೊಟ್ಟಿಯ ಕಸುವೂ ಇಲ್ಲ. ಕಬ್ಬಿನ ಗ್ಯಾಂಗಿನವನಿಗೆ ಹಗುರೆನಿಸುವುದರಲ್ಲಿ ತಾಸೆರಡು ತಾಸು ಮಲಗಿದ್ದರ ಪಾಲೇ ದೊಡ್ಡದು.

ವಾಂತಿಭೇದಿಯಿಂದ ರಕ್ತದ ನೀರಿನಂಶ ಕುಸಿದಾಗ ಇದೇ ದ್ರವ ಜೀವ ಉಳಿಸುತ್ತದೆ. ರಕ್ತದ ಹರಿವು ಮರಳಿದರೆ ಬಿಳಿಕಣಗಳೂ ಸೋಂಕಿನ ಜಾಗ ಮುಟ್ಟುತ್ತವೆ. ನೀರು ಕಡಿಮೆಯಾಗದ ಮೈಗೆ ಏರಿಸಿದರೆ ಆ ಕಣಗಳ ಬಲ ಹೆಚ್ಚುವುದಿಲ್ಲ. ಹಾಗೆಂದು ದ್ರವ ಸುಮ್ಮನೆಯೂ ಇರುವುದಿಲ್ಲ. ಸಲಾಯಿನ್‌ನಲ್ಲಿ ಕ್ಲೋರೈಡ್ ಪ್ರಮಾಣ ಲೀಟರಿಗೆ 154 ಮಿಲಿಮೋಲ್, ರಕ್ತದಲ್ಲಿ ಸುಮಾರು 100. ಹೆಚ್ಚು ಏರಿಸಿದರೆ ರಕ್ತ ಆಮ್ಲದ ಕಡೆ ವಾಲುತ್ತದೆ. ಸೋಂಕಿತ ಇಲಿಗಳಲ್ಲಿ ಇಂಥ ಆಮ್ಲತೆ ಉರಿಯೂತದ ಅಣುಗಳನ್ನು ಏರಿಸಿದ್ದು ಕಂಡಿದೆ. ಪ್ರಯೋಗಾಲಯದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳನ್ನು ರಿಂಗರ್ ಲ್ಯಾಕ್ಟೇಟ್ ಎಂಬ ಇನ್ನೊಂದು ಬಾಟ್ಲಿ ದ್ರವ ಕೆರಳಿಸಿದರೆ, ಗಾಢ ಉಪ್ಪಿನ ದ್ರವ ತಡೆಹಿಡಿಯುತ್ತದೆ. ಉಗಾಂಡ, ಕೆನ್ಯ, ತಾಂಜಾನಿಯದ ಜ್ವರಪೀಡಿತ ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಕಟುವಾದದ್ದು: ವೇಗವಾಗಿ ದ್ರವ ಪಡೆದವರಲ್ಲಿ 48 ತಾಸಿನೊಳಗಿನ ಸಾವು ಶೇ. 10.5ರಷ್ಟು, ಪಡೆಯದವರಲ್ಲಿ ಶೇ. 7.3.

ಬಾಟ್ಲಿಯೇ ಕೆಟ್ಟಿದ್ದರೆ? 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಸಂಶಯ ಹೋದದ್ದು ರಿಂಗರ್ ಲ್ಯಾಕ್ಟೇಟ್ ಮೇಲೆಯೇ. ಸತ್ತ ಬ್ಯಾಕ್ಟೀರಿಯಾದ ಚೂರು ದ್ರವದಲ್ಲಿ ಉಳಿದರೂ ಸಾಕು, ರಕ್ಷಣೆಯ ಕಣಗಳು ಅದನ್ನೇ ಶತ್ರುವೆಂದು ಬಗೆದು ಮೈಯನ್ನೆಲ್ಲ ಉರಿಯೂತಕ್ಕೆ ದೂಡಬಲ್ಲವು. ಬಾಯಿಂದ ಕುಡಿದ ಉಪ್ಪು-ಸಕ್ಕರೆಯ ನೀರು, ಅಂದರೆ ಓಆರ್‌ಎಸ್‌ಗೆ, ರಕ್ತಕ್ಕೆ ನೇರ ದಾರಿಯಿಲ್ಲ; ಹಾಗಾಗಿ ಈ ಭಯವಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಕಾಲರಾ ಸಾವನ್ನು ಶೇ. 30ರ ಆಸುಪಾಸಿನಿಂದ ಶೇ. 4ಕ್ಕಿಂತ ಕೆಳಗಿಳಿಸಿದ್ದು ಅದರಿಂದಲೇ. ಬಿಸಿಲಲ್ಲಿ ಬೆವರಿ ಬಂದವರಿಗೂ, ಕುಡಿಯುವ ಸ್ಥಿತಿಯಲ್ಲಿದ್ದರೆ, ಅದು ಸಾಕು.

ನನಗೆ ಹೆಚ್ಚು ನೋವಾಗುವುದು ಬೇರೆ ಕಾರಣಕ್ಕೆ. ಬೀಡಿ ಕಟ್ಟುವವಳ ಅಶಕ್ತಿಯ ಹಿಂದೆ ರಕ್ತಹೀನತೆ ಇರಬಹುದು, ಕ್ಷಯವಿರಬಹುದು. ಹಿಮೋಗ್ಲೋಬಿನ್, ಕಫದ ತಪಾಸಣೆ ಸರಕಾರಿ ದವಾಖಾನೆಯಲ್ಲೇ ಆಗುತ್ತದೆ. ಬಾಟ್ಲಿ ಏರಿಸಿಕೊಂಡು ಎರಡು ದಿನ ಹಗುರಾದವಳು ಆ ತಪಾಸಣೆಗೆ ಹೋಗುವುದನ್ನು ಮುಂದಿನ ತಿಂಗಳಿಗೆ ತಳ್ಳುತ್ತಾಳೆ.