ಪಾತ್ರಕ್ಕೊಂದು ದನಿ, ಪಕ್ಕದಲ್ಲೊಂದು ಜೀವ

ಮಕ್ಕಳಿಗೆ ಕಥೆ ಹೇಳಬೇಕು ಎಂದು ಉಪದೇಶ ಮಾಡುವವರಿಗೆ ನಮ್ಮಲ್ಲಿ ಬರವಿಲ್ಲ. ಯಾವ ಹೊತ್ತಿನಲ್ಲಿ ಹೇಳಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿ, ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸಿ, ಬಸ್ಸು ಹಿಡಿದು ಕೆಲಸಕ್ಕೆ ಓಡಿ, ಸಂಜೆ ಮರಳಿ ಮತ್ತೆ ಒಲೆಯ ಮುಂದೆ ನಿಲ್ಲುವ ಮನೆಗಳಲ್ಲಿ ರಾತ್ರಿ ಒಂಬತ್ತೂವರೆಗೆ ಉಳಿಯುವುದು ಆಕಳಿಕೆ ಮಾತ್ರ. ನಮ್ಮದೂ ಅಂಥದೇ ಮನೆ. ಕಳೆದ ಮಳೆಗಾಲದಲ್ಲಿ ಹತ್ತು ವರ್ಷದ ಮಗಳಿಗೆಂದು ಫಿಲಿಪ್ ಪುಲ್ಮನ್ ಅವರ ‘ನಾರ್ದರ್ನ್ ಲೈಟ್ಸ್’ ಕಾದಂಬರಿಯ ಆಡಿಯೋ ಪುಸ್ತಕವನ್ನು ನಾವು ಕೊಂಡದ್ದು ಸಾಹಿತ್ಯದ ಮೇಲಿನ ಪ್ರೀತಿಯಿಂದ ಎಂದು ಹೇಳಿದರೆ ಸುಳ್ಳಾದೀತು. ಅವಳು ಕೇಳುತ್ತಿರಲಿ, ನಮಗೆ ಅರ್ಧ ಗಂಟೆ ಉಳಿಯಲಿ ಎಂಬುದಷ್ಟೇ ನಮ್ಮ ಲೆಕ್ಕವಾಗಿತ್ತು. ಆ ಲೆಕ್ಕ ಹೇಗೆ ತಪ್ಪಿತು ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ಈ ಪ್ರಕಾರದ ಬಗ್ಗೆ ಎರಡು ಮಾತು. ಒಬ್ಬರೇ ಓದುವ ಆಡಿಯೋ ಪುಸ್ತಕ ನಮ್ಮ ಹರಿಕಥೆಯ ಹಾಗೆ. ದಾಸರು ಒಬ್ಬರೇ ರಾಜನೂ ಆಗುತ್ತಾರೆ, ರಾಣಿಯೂ ಆಗುತ್ತಾರೆ, ಬಾಗಿಲು ಕಾಯುವವನೂ ಆಗುತ್ತಾರೆ. ಹ್ಯಾರಿ ಪಾಟರ್ ಸರಣಿಯನ್ನು ಬ್ರಿಟನ್ನಿನಲ್ಲಿ ಸ್ಟೀಫನ್ ಫ್ರೈ, ಅಮೆರಿಕದಲ್ಲಿ ಜಿಮ್ ಡೇಲ್ ಹೀಗೆಯೇ ಒಬ್ಬೊಬ್ಬರಾಗಿ ಓದಿದರು. ಪಾತ್ರಕ್ಕೊಬ್ಬರು ದನಿ ಕೊಡುವ ಪುಸ್ತಕವಾದರೋ ತಾಳಮದ್ದಲೆಯ ಹಾಗೆ. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಕುಳಿತವರ ಮಾತಿನಲ್ಲೇ ಎಲ್ಲವೂ ಕಾಣಬೇಕು. ಕಥೆಯನ್ನು ಮುನ್ನಡೆಸುವ ನಿರೂಪಕ ಭಾಗವತರ ಜಾಗದಲ್ಲಿರುತ್ತಾನೆ. ವ್ಯತ್ಯಾಸವೂ ಇದೆ. ಅರ್ಥಧಾರಿಗಳು ಮಾತನ್ನು ಸ್ಥಳದಲ್ಲೇ ಕಟ್ಟುತ್ತಾರೆ. ಇಲ್ಲಿನ ನಟರಿಗೆ ಲೇಖಕ ಬರೆದದ್ದನ್ನು ಮೀರುವ ಸ್ವಾತಂತ್ರ್ಯವಿಲ್ಲ. ರೇಡಿಯೋ ನಾಟಕಕ್ಕಿಂತಲೂ ಇದು ಬೇರೆ. ನಾಟಕವಾಗುವಾಗ ಕಾದಂಬರಿ ಕತ್ತರಿಗೆ ಸಿಗುತ್ತದೆ, ಇಲ್ಲಿ ಅದು ಇಡಿಯಾಗಿ ಉಳಿಯುತ್ತದೆ. ಅಮೆರಿಕದ ಸಿರಾಕ್ಯೂಸ್ ನಗರದಲ್ಲಿ ಮಕ್ಕಳ ಲೇಖಕ ಬ್ರೂಸ್ ಕೋವಿಲ್ ಇದಕ್ಕೆಂದೇ ‘ಫುಲ್ ಕಾಸ್ಟ್ ಆಡಿಯೋ’ ಎಂಬ ಸಂಸ್ಥೆ ಕಟ್ಟಿದರು. 2025ರ ನವೆಂಬರಿನಿಂದ ಹ್ಯಾರಿ ಪಾಟರ್ ಕೂಡ ಇನ್ನೂರಕ್ಕೂ ಹೆಚ್ಚು ನಟರ ದನಿಯಲ್ಲಿ ಹೊಸದಾಗಿ ಬರತೊಡಗಿತು. ಅದರಲ್ಲಿ ಡಂಬಲ್‌ಡೋರ್‌ಗೆ ಹ್ಯೂ ಲಾರಿ, ಸ್ನೇಪ್‌ಗೆ ರಿಜ್ ಅಹ್ಮದ್ ದನಿ ನೀಡಿದ್ದಾರೆ. ಇದೀಗ ದೊಡ್ಡ ವ್ಯಾಪಾರವಾಗಿದೆ ಎಂಬುದರಲ್ಲಿ ಸಂಶಯವಿಲ್ಲ.

ಪುಲ್ಮನ್ ಅವರ ಕಾದಂಬರಿ 1995ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ಮಕ್ಕಳ ಸಾಹಿತ್ಯಕ್ಕೆ ಮೀಸಲಾದ ಕಾರ್ನೆಗಿ ಪದಕ ಪಡೆಯಿತು. ಅಮೆರಿಕದಲ್ಲಿ ಅದರ ಹೆಸರು ‘ದಿ ಗೋಲ್ಡನ್ ಕಂಪಾಸ್’. ಧ್ವನಿಮುದ್ರಣದಲ್ಲಿ ನಿರೂಪಣೆ ಸ್ವತಃ ಪುಲ್ಮನ್ ಅವರದ್ದು. ನಾಯಕಿ ಲೈರಾಳಿಗೆ ನಟಿ ಜೋ ವಯಟ್ ದನಿಯಾಗಿದ್ದಾರೆ. ಪುಲ್ಮನ್ ಲೇಖಕರಾಗಿ ಹೆಸರು ಮಾಡುವ ಮೊದಲು ಆಕ್ಸ್‌ಫರ್ಡಿನ ಶಾಲೆಗಳಲ್ಲಿ ಮೇಷ್ಟ್ರಾಗಿದ್ದವರು. ಇಲಿಯಡ್, ಒಡಿಸ್ಸಿಗಳ ಕಥೆಗಳನ್ನು ಮಕ್ಕಳಿಗೆ ಬಾಯಲ್ಲೇ ಹೇಳುತ್ತಿದ್ದವರು. ಆ ಅಭ್ಯಾಸ ಅವರ ದನಿಯಲ್ಲಿದೆ. ಅವರು ನಟಿಸುವುದಿಲ್ಲ, ಅವಸರಪಡುವುದಿಲ್ಲ, ಹೆದರಿಸುವುದೂ ಇಲ್ಲ. ಕೊನೆಯ ಬೆಂಚಿನ ಹುಡುಗನಿಗೂ ಕೇಳಿಸಬೇಕು ಎಂದು ಬಲ್ಲ ಮೇಷ್ಟ್ರ ದನಿ ಅದು.

ಈ ಕಥೆಗೆ ಹಲವು ದನಿಗಳು ಅಲಂಕಾರಕ್ಕಾಗಿ ಬಂದವಲ್ಲ, ಅವು ಅಗತ್ಯ. ಲೈರಾಳ ಲೋಕದಲ್ಲಿ ಪ್ರತಿ ಮನುಷ್ಯನ ಆತ್ಮವೂ ಪ್ರಾಣಿಯ ರೂಪದಲ್ಲಿ ದೇಹದ ಹೊರಗಿರುತ್ತದೆ, ಜೊತೆಗೇ ಓಡಾಡುತ್ತದೆ, ಮಾತನಾಡುತ್ತದೆ. ಮಕ್ಕಳ ಜೀವಪ್ರಾಣಿ ಗಳಿಗೆಗೊಂದು ರೂಪ ತಾಳುತ್ತದೆ. ದೊಡ್ಡವರಾದ ಮೇಲೆ ಒಂದೇ ರೂಪದಲ್ಲಿ ನೆಲೆ ನಿಲ್ಲುತ್ತದೆ. ಲೈರಾಳ ಜೊತೆಗಾರನ ಹೆಸರು ಪ್ಯಾಂಟಲೈಮನ್. ಒಬ್ಬರೇ ಓದುವಾಗ ಈ ಇಬ್ಬರ ಮಾತು ಒಂದೇ ಗಂಟಲಿನಿಂದ ಬರಬೇಕಾಗುತ್ತದೆ. ಇಲ್ಲಿ ಹುಡುಗಿಗೂ ಅವಳ ಜೀವಕ್ಕೂ ಬೇರೆ ಬೇರೆ ದನಿ. ಅವಳು ಹಟ ಹಿಡಿದಾಗ ಅವನು ಬೇಡವೆನ್ನುತ್ತಾನೆ. ಅವಳು ಅಂಜಿದಾಗ ಧೈರ್ಯ ಹೇಳುತ್ತಾನೆ. ಮನುಷ್ಯ ತನ್ನೊಂದಿಗೆ ತಾನೇ ಮಾತನಾಡಿಕೊಳ್ಳುವುದು ಕಿವಿಗೆ ಕೇಳಿಸುವಂತೆ ಆಗಿರುವುದು ಈ ಮುದ್ರಣದ ನಿಜವಾದ ಸಾಧನೆ.

ಇಡೀ ಪುಸ್ತಕ ಸುಮಾರು 11 ಗಂಟೆಯದು. ದಿನಕ್ಕೆ 20 ನಿಮಿಷದಂತೆ 33 ದಿನ. ಮಗಳನ್ನು ಚಾವಡಿಯಲ್ಲಿ ಕೂರಿಸಿ, ಫೋನಿನಲ್ಲಿ ಕಥೆ ಹಚ್ಚಿ, ನಾವು ನಮ್ಮ ಕೆಲಸಕ್ಕೆ ಹೋಗುತ್ತಿದ್ದೆವು. ಎರಡು ವಾರ ಹೀಗೆಯೇ ನಡೆಯಿತು. ಮಳೆ ಜೋರಾಗಿದ್ದ ಒಂದು ರಾತ್ರಿ ಅವಳು ಕಥೆ ನಿಲ್ಲಿಸಿ ಅಡುಗೆ ಮನೆಯ ಬಾಗಿಲಲ್ಲಿ ಬಂದು ನಿಂತಳು. ಒಲೆಯ ಮೇಲೆ ಒಣಮೀನು ಹುರಿಯುತ್ತಿತ್ತು. “ನನಗೆ ಅದು ಬೇಡ” ಎಂದಳು. ಯಾಕೆಂದು ಕೇಳಿದರೆ ಉತ್ತರವಿಲ್ಲ. ಊಟದ ಹೊತ್ತಿನಲ್ಲಿ ಸಣ್ಣ ದನಿಯಲ್ಲಿ, “ಆ ಹುಡುಗನ ಜೊತೆ ಈಗ ಯಾರೂ ಮಾತಾಡುವುದಿಲ್ಲ” ಎಂದಳು.

ಅವಳು ಕೇಳಿದ್ದು ಟೋನಿ ಎಂಬ ಬಡ ಹುಡುಗನ ಪ್ರಸಂಗ. ಮಕ್ಕಳನ್ನು ಕದ್ದೊಯ್ದು ಅವರ ಜೀವಪ್ರಾಣಿಯಿಂದ ಕತ್ತರಿಸಿ ಬೇರೆ ಮಾಡುವ ಕ್ರೂರ ಪ್ರಯೋಗಕ್ಕೆ ಸಿಕ್ಕಿದವನು. ಲೈರಾ ಅವನನ್ನು ಕಂಡಾಗ ಕಳೆದುಹೋದ ತನ್ನ ಜೀವದ ಬದಲಿಗೆ ಒಂದು ಒಣಮೀನನ್ನು ಎದೆಗವಚಿಕೊಂಡಿರುತ್ತಾನೆ. ಅಲ್ಲಿಯವರೆಗೆ ಎಲ್ಲರೂ ಜೋಡಿಯಾಗಿ ಮಾತನಾಡುವ ಕಥೆಯಲ್ಲಿ ಒಬ್ಬ ಮಾತ್ರ ಒಂಟಿ ದನಿಯಾಗುತ್ತಾನೆ. ಕಾದಂಬರಿಯ ಅತ್ಯಂತ ನಿರ್ದಯ ಪುಟಗಳವು. ಆ ಪುಟಗಳ ಮುಂದೆ ನಾವು ನಮ್ಮ ಮಗಳನ್ನು ಒಬ್ಬಳನ್ನೇ ಕೂರಿಸಿ, ಪಾತ್ರೆ ತೊಳೆಯುತ್ತಿದ್ದೆವು. ಪುಸ್ತಕವನ್ನು ದೂರುವುದು ಸುಲಭವಿತ್ತು. ತಪ್ಪು ನಮ್ಮದಾಗಿತ್ತು. ಮರುದಿನದಿಂದ ಇಬ್ಬರಲ್ಲಿ ಒಬ್ಬರು ಅವಳ ಪಕ್ಕದಲ್ಲಿ ಕೂರತೊಡಗಿದೆವು. ಬೀನ್ಸ್ ಸೋಸುವುದು, ಬಟ್ಟೆ ಮಡಚುವುದು ಅಲ್ಲಿಗೇ ಬಂತು.

ಹಾಗೆ ಕುಳಿತು ಕೇಳಿದ್ದರಿಂದಲೇ ಈ ಮುದ್ರಣದ ಕೊರತೆಗಳೂ ತಿಳಿದವು. ಮೊದಲನೆಯದು, ನಟರ ದನಿ ಮಗುವಿನ ಕಲ್ಪನೆಯ ಕೆಲಸವನ್ನು ಸ್ವಲ್ಪ ಮಟ್ಟಿಗೆ ತಾನೇ ಮಾಡಿಬಿಡುತ್ತದೆ. ಮಿಸೆಸ್ ಕೌಲ್ಟರ್ ಎಂಬ ಸುಂದರ, ಅಪಾಯಕಾರಿ ಹೆಂಗಸು ಹೇಗೆ ಮಾತನಾಡಿಯಾಳು ಎಂದು ಓದುವ ಮಗು ತಾನೇ ನಿರ್ಧರಿಸಬೇಕು. ಕೇಳುವ ಮಗುವಿಗೆ ಆ ನಿರ್ಧಾರ ಸಿದ್ಧವಾಗಿ ಸಿಗುತ್ತದೆ. ಎರಡನೆಯದು, ಇಂಗ್ಲಿಷಿನ ಬಗೆಬಗೆಯ ಒತ್ತುಗಳು. ಆಕ್ಸ್‌ಫರ್ಡಿನ ಪಂಡಿತರು, ದೋಣಿಯಲ್ಲಿ ಬದುಕುವ ಜಿಪ್ಟಿಯನ್ನರು, ಟೆಕ್ಸಾಸಿನ ಬಲೂನು ಹಾರಿಸುವವನು ಎಲ್ಲರೂ ಒಟ್ಟಿಗೆ ಸೇರಿದಾಗ ನಮ್ಮ ಕಿವಿಗಳೂ ಸೋತವು. ಹಿಂದಕ್ಕೆ ಹೋಗಿ ಮತ್ತೆ ಕೇಳಬೇಕಾಯಿತು. ಮೂರನೆಯದು ಒಂದು ಶಬ್ದದ ತೊಡಕು. ಜೀವಪ್ರಾಣಿಗೆ ಪುಲ್ಮನ್ ಇಟ್ಟ ಹೆಸರು ಗ್ರೀಕ್ ಮೂಲದ್ದು. ಪುಟದಲ್ಲಿ ಅದರ ಕಾಗುಣಿತವೇ ಬೇರೆ ಎಂದು ಕಣ್ಣಿಗೆ ಗೊತ್ತಾಗುತ್ತದೆ. ಕಿವಿಗೆ ಮಾತ್ರ ಅದು ‘ಡೀಮನ್’, ಅಂದರೆ ಪಿಶಾಚಿ. ಪಕ್ಕದ ಕೋಣೆಯಿಂದ ಅರೆಬರೆ ಕೇಳಿಸಿಕೊಂಡವರು ಬೆಚ್ಚಿಬೀಳಲು ಅಷ್ಟು ಸಾಕು.

ಬೆಚ್ಚಿಬೀಳಲು ಇನ್ನೂ ದೊಡ್ಡ ಕಾರಣವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಈ ಕಾದಂಬರಿಯಲ್ಲಿ ಮಕ್ಕಳನ್ನು ಹಿಂಸಿಸುವ ಕೆಲಸ ನಡೆಯುವುದು ಧಾರ್ಮಿಕ ಅಧಿಕಾರ ಪೀಠದ ನೆರಳಿನಲ್ಲಿ. ಸರಣಿಯ ಮೂರನೆಯ ಪುಸ್ತಕ ‘ದಿ ಅಂಬರ್ ಸ್ಪೈಗ್ಲಾಸ್’ 2000ದಲ್ಲಿ ಬಂತು. ತಾನೇ ಸೃಷ್ಟಿಕರ್ತನೆಂದು ಮೆರೆದ ಮುದಿ ದೇವದೂತನೊಬ್ಬ ಅದರಲ್ಲಿ ಗಾಳಿಯಲ್ಲಿ ಕರಗಿಹೋಗುತ್ತಾನೆ. 2007ರಲ್ಲಿ ಮೊದಲ ಪುಸ್ತಕ ಚಲನಚಿತ್ರವಾದಾಗ ಅಮೆರಿಕದ ಕ್ಯಾಥೊಲಿಕ್ ಲೀಗ್ ಬಹಿಷ್ಕಾರಕ್ಕೆ ಕರೆ ಕೊಟ್ಟಿತ್ತು. ಶ್ರದ್ಧೆಯುಳ್ಳ ಮನೆಗಳಲ್ಲಿ ಇಂಥ ಪುಸ್ತಕವನ್ನು ಏನು ಮಾಡಬೇಕು? ದೇವರ ಹೆಸರಿನಲ್ಲಿ ಮಕ್ಕಳನ್ನು ನೋಯಿಸುವವರ ಮೇಲೆ ಪುಲ್ಮನ್ ಅವರಿಗಿರುವ ಸಿಟ್ಟು ಶ್ರದ್ಧಾವಂತರಿಗೂ ಇರಬೇಕಾದ ಸಿಟ್ಟೇ. ಆ ಸಿಟ್ಟಿನಿಂದ ಅವರು ತಲುಪುವ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಇವೆರಡನ್ನೂ ಮಗುವಿಗೆ ಹೇಳಬಹುದು, ಆದರೆ ಪಕ್ಕದಲ್ಲಿ ಇದ್ದರೆ ಮಾತ್ರ. ಕಥೆ ನಿಲ್ಲಿಸುವ ಗುಂಡಿಯ ನಿಜವಾದ ಉಪಯೋಗ ನಮಗೆ ಆಗ ತಿಳಿಯಿತು. ನಿಷೇಧಿಸಿದ ಪುಸ್ತಕವನ್ನು ಮಗು ಇನ್ನೆಲ್ಲೋ ಕೇಳೀತು, ಆಗ ನಾವು ಜೊತೆಗಿರುವುದಿಲ್ಲ.

ಎಲ್ಲಕ್ಕಿಂತ ನಮ್ಮನ್ನು ಕಾಡಿದ್ದು ಭಾಷೆಯ ಪ್ರಶ್ನೆ. ಮಗುವಿನ ಕನಸುಗಳೆಲ್ಲ ಇಂಗ್ಲಿಷಿನಲ್ಲಿ ಬಂದು, ಮನೆಮಾತು ‘ಊಟ ಮಾಡು, ಸ್ನಾನ ಮಾಡು, ಮಲಗು’ ಎಂಬ ಅಪ್ಪಣೆಗಳಿಗಷ್ಟೇ ಉಳಿದರೆ ಆ ಮಾತಿನ ಮೇಲೆ ಅದಕ್ಕೆ ಪ್ರೀತಿ ಹೇಗೆ ಬಂದೀತು? ಇದಕ್ಕೆ ಉತ್ತರ ಮನೆಯಲ್ಲೇ ಸಿಕ್ಕಿತು. ಒಂದು ದಿನ ಮಗಳು ಅಜ್ಜಿಗೆ ಮನೆಮಾತಿನಲ್ಲಿ ಲೈರಾಳ ಕಥೆ ಹೇಳುತ್ತಿದ್ದಳು. ಜೀವ ದೇಹದ ಹೊರಗಿರುತ್ತದೆ ಎಂಬಲ್ಲಿಗೆ ಬಂದಾಗ ಅಜ್ಜಿ ನಕ್ಕು, “ಇದು ಹಳೆಯ ಕಥೆಯಲ್ಲವಾ? ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಳಿಯೊಳಗೆ ಇತ್ತಲ್ಲ” ಎಂದರು. ಆ ಕಥೆ ನಮ್ಮ ಮಗಳಿಗೆ ಗೊತ್ತಿರಲಿಲ್ಲ. ನಾವು ಹೇಳಿರಲಿಲ್ಲ. ಆ ರಾತ್ರಿ ಲೈರಾ ಕಾಯಬೇಕಾಯಿತು.

ಆಮೇಲೆ ಮಗಳು ಕನ್ನಡದಲ್ಲೂ ಇಂಥದೇ ಪುಸ್ತಕ ಬೇಕೆಂದಳು. ಇಡೀ ಮಕ್ಕಳ ಕಾದಂಬರಿಯೊಂದನ್ನು ಪಾತ್ರಕ್ಕೊಂದು ದನಿಯಲ್ಲಿ ಕೇಳಿಸುವಂಥದ್ದು ಹುಡುಕಿದರೂ ನಮ್ಮ ಕೈಗೆ ಸಿಗಲಿಲ್ಲ. ಮಾತಿನಿಂದಲೇ ಲೋಕ ಕಟ್ಟಬಲ್ಲ ಅರ್ಥಧಾರಿಗಳಿರುವ ನಾಡು ಇದು. ಆಕಾಶವಾಣಿಯ ನಾಟಕ ಕೇಳಲು ಹಿಂದೆ ಅಕ್ಕಪಕ್ಕದವರೆಲ್ಲ ಒಂದು ರೇಡಿಯೋದ ಸುತ್ತ ಸೇರುತ್ತಿದ್ದರು. ದನಿಗಳಿಗೆ ಇಲ್ಲಿ ಕೊರತೆಯಿಲ್ಲ. ಮಕ್ಕಳ ಪುಸ್ತಕಕ್ಕಾಗಿ ಅವನ್ನು ಒಂದುಗೂಡಿಸುವ ಪ್ರಕಾಶಕರು ಮುಂದೆ ಬರಬೇಕಾಗಿದೆ.

33 ದಿನದಲ್ಲಿ ಮುಗಿಯಬೇಕಿದ್ದ ಪುಸ್ತಕ ನಮಗೆ ಎರಡು ತಿಂಗಳು ಹಿಡಿಯಿತು. ಉಳಿಯಬೇಕಿದ್ದ ಅರ್ಧ ಗಂಟೆ ಉಳಿಯಲಿಲ್ಲ, ಇನ್ನೂ ಕಾಲು ಗಂಟೆ ಹೆಚ್ಚೇ ಹೋಯಿತು. ಬಿಡುವಿಲ್ಲದ ತಂದೆತಾಯಿಯರಿಗೆ ಈ ಪುಸ್ತಕವನ್ನು ನಾವು ಧಾರಾಳವಾಗಿ ಶಿಫಾರಸು ಮಾಡುತ್ತೇವೆ. ಗಂಟಲು ದಣಿದವರಿಗೆ ಅದು ಓದುವ ಕೆಲಸದಿಂದ ಬಿಡುಗಡೆ ಕೊಡುತ್ತದೆ. ಮಗುವಿನ ಪಕ್ಕದಲ್ಲಿ ಕೂರುವ ಕೆಲಸದಿಂದ ಬಿಡುಗಡೆ ಕೊಡುತ್ತದೆ ಎಂದು ಮಾತ್ರ ಯಾರೂ ಭಾವಿಸಬಾರದು. ಎರಡನೆಯ ಭಾಗವನ್ನು ಈ ವಾರ ಆರಂಭಿಸಿದ್ದೇವೆ. ಅಜ್ಜಿಯ ಕುರ್ಚಿಯೂ ಈಗ ಚಾವಡಿಗೆ ಬಂದಿದೆ.